ಬಗ್ಗಿದವರ ದರ್ಜಿ

ಬೊರ್ಗೊ ಸಾಲೀನೆಯಲ್ಲಿ ಗೂನಿಯ ಅಂಗಡಿ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಬಾಗಿಲು ತಟ್ಟಿದರೆ ತೆರೆಯುವ ಹೆಂಗಸಿನ ಬೆನ್ನು ಮಾತ್ರ ಒನಕೆಯ ಹಾಗೆ ನೆಟ್ಟಗಿರುತ್ತದೆ. ಬಂದವರು ತಬ್ಬಿಬ್ಬಾಗಿ, "ಗೂನಿ ಇದಾರಾ?" ಎಂದು ಅವಳನ್ನೇ ಕೇಳುವುದುಂಟು. "ನಾನೇ, ಒಳಗೆ ಬನ್ನಿ" ಅನ್ನುತ್ತಾಳೆ, ವಿವರಿಸುವ ಗೋಜಿಗೆ ಹೋಗುವುದಿಲ್ಲ. ಇಟಲಿಯ ಈ ನಮ್ಮ ರೊಮಾನ್ಯ ಸೀಮೆಯಲ್ಲಿ ಅಡ್ಡಹೆಸರು ಒಮ್ಮೆ ಅಂಟಿಕೊಂಡರೆ ಮುಗಿಯಿತು. ಸತ್ತಾಗ ಬೀದಿಗೋಡೆಗೆ ಹಚ್ಚುವ ಕಾಗದದಲ್ಲೂ ಅದನ್ನು ಅಚ್ಚು ಹಾಕಿಸಬೇಕು, ಇಲ್ಲದಿದ್ದರೆ ಸತ್ತದ್ದು ಯಾರೆಂದು ತಿಳಿಯದೆ ಹೆಣದ ಹಿಂದೆ ನಾಲ್ಕು ಜನವೂ ಬರುವುದಿಲ್ಲ.

ಅವಳ ನಿಜವಾದ ಹೆಸರು ಎಡೇರಾ ಬಾಲ್ದಿಸ್ಸೆರ್ರಿ. ಎರಡು ಸಾವಿರದ ಎಂಟರ ವಸಂತದಲ್ಲಿ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಟೇಪು ಕೈಯಲ್ಲಿ ಹಿಡಿದು ಅವಳು ಒಂದು ಮಾತು ಹೇಳಬೇಕಾಗಿ ಬಂತು. ಒಬ್ಬ ಮುದುಕ ಕೊನೆಯ ಸಲ ಮೋಟಾರು ಹತ್ತುವುದೋ ಬಿಡುವುದೋ ಎಂಬುದು ಆ ಮಾತಿನ ಮೇಲೆ ನಿಂತಿತ್ತು. ಹೂಂ ಎಂದರೆ ಅವನ ಜೀವಕ್ಕೆ ಅಪಾಯ, ಊಹೂಂ ಎಂದರೆ ಐವತ್ತಾರು ವರ್ಷದ ಸ್ನೇಹಕ್ಕೆ ಅಪಾಯ. ಅಂಥ ಭಾರವೆಲ್ಲ ಒಬ್ಬ ದರ್ಜಿಯ ತಲೆಗೆ ಏಕೆ ಬಂತು ಅನ್ನುವುದು ತಿಳಿಯಬೇಕಾದರೆ ಕುದುರೆಯ ಜೀನಿನಿಂದ ಶುರುಮಾಡಬೇಕು.

ಎಡೇರಾಳ ಅಪ್ಪ ಪ್ರೀಮೊ ಜೀನು, ಕಡಿವಾಣ ಹೊಲಿಯುವವನು. ಎಡೇರಾ ಅಂದರೆ ಗೋಡೆಗೆ ಹಬ್ಬುವ ಬಳ್ಳಿ, ಪ್ರೀಮೊ ನಂಬಿದ್ದ ಪಕ್ಷದ ಗುರುತು. ಅದು ಫ್ಯಾಸಿಸ್ಟ್ ಕರಿಯಂಗಿಯವರ ಕಾಲ, ಬೇರೆ ಪಕ್ಷದ ಹೆಸರೆತ್ತಿದವರಿಗೆ ಹರಳೆಣ್ಣೆ ಕುಡಿಸುತ್ತಿದ್ದರು. ಮಗಳಿಗೆ ಗಿಡದ ಹೆಸರಿಟ್ಟರೆ ಯಾರು ಏನು ಮಾಡಿಯಾರು ಎಂಬುದು ಪ್ರೀಮೊನ ಲೆಕ್ಕಾಚಾರ. ಸಂತರ ಪಟ್ಟಿಯಲ್ಲಿ ಇಂಥ ಹೆಸರಿಲ್ಲ ಎಂದು ಪಾದ್ರಿ ತಕರಾರು ತೆಗೆದಾಗ, "ಹಾಗಾದ್ರೆ ನಿಮ್ಮ ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ ಸ್ವಾಮಿ" ಎಂದು ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟನಂತೆ.

ಯುದ್ಧ ಮುಗಿದ ಮೇಲೆ ಕುದುರೆಗಳು ಹೋದವು, ಮೋಟಾರು ಬಂತು. ನಮ್ಮ ಕಡೆ ಬೈಕನ್ನು ಬೈಕು ಅನ್ನುವುದಿಲ್ಲ, ಮೋಟಾರು ಅನ್ನುತ್ತೇವೆ. ಲೋಕದಲ್ಲಿ ಬೇರೆ ಮೋಟಾರುಗಳು ಇಲ್ಲವೇ ಇಲ್ಲ ಎಂಬ ಹಾಗೆ. ಉಪ್ಪಿನ ಗದ್ದೆಯಲ್ಲಿ ದುಡಿಯುವವರು, ಕ್ಷೌರಿಕರು, ಗಾರೆಯವರು, ಎಲ್ಲರೂ ಯುದ್ಧ ಬಿಟ್ಟುಹೋದ ಕಬ್ಬಿಣದ ತುಂಡುಗಳನ್ನು ಜೋಡಿಸಿ ಮೋಟಾರು ಕಟ್ಟುತ್ತಿದ್ದರು. ಪ್ರತಿ ವಸಂತದಲ್ಲಿ, ಸಮುದ್ರಸ್ನಾನದ ಪ್ರವಾಸಿಗರು ಬರುವ ಮುನ್ನ, ದಂಡೆಯ ಊರುಗಳಲ್ಲಿ ಒಂದಾದ ಮೇಲೊಂದು ಬೀದಿ ಓಟ. ಈ ಭಾನುವಾರ ರಿಮಿನಿ, ಮುಂದಿನದು ಚೆಸೆನಾತಿಕೊ, ಅದರಾಚೆ ಚೆರ್ವಿಯಾ, ನಡುವೆ ನಮ್ಮೂರು. ಪೈನ್ ಮರಗಳಿಗೆ ಹುಲ್ಲಿನ ಪಿಂಡಿ ಕಟ್ಟಿದರೆ ಬೀದಿಯೇ ಕಣ. ಬೇರೆ ಕಡೆ ಆಗ ಇನ್ನೂ ಓಟಗಳು ಶುರುವಾಗಿರುವುದಿಲ್ಲವಾದ್ದರಿಂದ ಇಂಗ್ಲೆಂಡಿನಿಂದ, ಆಫ್ರಿಕದ ತುದಿಯಿಂದ ವಿಶ್ವ ಚಾಂಪಿಯನ್ನರು ಕೂಡ ಇಲ್ಲಿಗೆ ಬಂದು ಕೈ ಪಳಗಿಸಿಕೊಳ್ಳುತ್ತಿದ್ದರು. ಬಾರಿನ ಮುಂದೆ ಕೂತು ಕಾಫಿ ಕುಡಿಯುತ್ತಿದ್ದವನ ಮೂಗಿನೆದುರೇ ಲೋಕದ ಅತಿ ವೇಗದ ಮನುಷ್ಯ ಹಾದುಹೋಗುತ್ತಿದ್ದ. ಅಂಥ ಕಾಲ ಇನ್ನು ಬರುವುದಿಲ್ಲ, ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಎಡೇರಾಳಿಗೆ ಹದಿನಾರು. ಪ್ರೀಮೊನ ಕೈ ನಡುಗಲು ಶುರುವಾಗಿತ್ತು, ದಬ್ಬಳ ಅವಳ ಕೈಗೆ ಬಂದಿತ್ತು. ಒಂದು ದಿನ ನೆವಿಯೊ ತಸ್ಸಿನಾರಿ ಎಂಬ ಹದಿನೆಂಟರ ಹುಡುಗ, ಸೈಕಲ್ ಅಂಗಡಿಯ ರಿಪೇರಿಯವನು, ತನ್ನ ಚರ್ಮದಂಗಿಯನ್ನು ತೇಪೆ ಹಾಕಿಸಲು ತಂದ. ಚರ್ಮದಂಗಿ ಅಂದರೆ ಕತ್ತಿನಿಂದ ಕಣಕಾಲಿನವರೆಗೆ ಒಂದೇ ಉಡುಪು. ಅದು ಹೆಗಲ ಹಿಂದೆ ಬಿರಿದಿತ್ತು. ಹಿಂದಿನ ವಾರ ಬಂದ ಇನ್ನೊಬ್ಬನದೂ ಅಲ್ಲೇ ಬಿರಿದಿದ್ದನ್ನು ಅವಳು ನೋಡಿದ್ದಳು.

"ಇದನ್ನ ಹೊಲಿದೋನು ಅಳತೆ ತಗೊಂಡಾಗ ನೀನು ಹೇಗಿದ್ದೆ?"

"ನಿಂತಿದ್ದೆ. ಇನ್ನು ಹೇಗಿರ್ತಾರೆ?"

"ನಿಂತ್ಕೊಂಡು ಓಡಿಸ್ತೀಯಾ?"

ಇಟಲಿಯ ಯಾವ ದರ್ಜಿಗೂ ಇದು ಹೊಳೆದಿರಲಿಲ್ಲ ಎಂದು ನಾನು ಹೇಳುವುದಿಲ್ಲ, ನಮ್ಮ ದಂಡೆಯ ಯಾವ ದರ್ಜಿಗೂ ಹೊಳೆದಿರಲಿಲ್ಲ ಅನ್ನುವುದು ನಿಜ. ಅಪ್ಪ ಜೀನು ಇಟ್ಟು ಹೊಲಿಯುತ್ತಿದ್ದ ನಾಲ್ಕು ಕಾಲಿನ ಮರದ ದಿಮ್ಮಿಗೆ ಹಳೆಯ ಹ್ಯಾಂಡಲ್ ಒಂದನ್ನು ಮೊಳೆ ಹೊಡೆದು ಕೂರಿಸಿ, ಅದರ ಮೇಲೆ ನೆವಿಯೊನನ್ನು ಓಟದಲ್ಲಿ ಮಲಗುವ ಹಾಗೆಯೇ ಬೋರಲು ಮಲಗಿಸಿದಳು. ಆ ದಿಮ್ಮಿಯನ್ನು ಎಲ್ಲರೂ ಕುದುರೆ ಎಂದೇ ಕರೆಯುತ್ತಿದ್ದರು. ತಲೆ ಎಷ್ಟು ಎತ್ತಬೇಕು ಎಂದು ತಿಳಿಯಲು ಎದುರು ಗೋಡೆಯ ಮೇಲೆ, ರಸ್ತೆ ಕಾಣಬೇಕಾದ ಎತ್ತರಕ್ಕೆ, ಒಂದು ಕ್ಯಾಲೆಂಡರ್ ತೂಗುಹಾಕಿದಳು. "ತಾರೀಖು ಓದು" ಅನ್ನುವಳು. ಓದಿದರೆ ಕತ್ತು ಸರಿಯಾಗಿದೆ ಎಂದರ್ಥ, ಆಗ ಟೇಪು ಎಳೆಯುವಳು. ಹದಿನಾರರ ಹುಡುಗಿ ಬೋರಲು ಬಿದ್ದ ಗಂಡಸಿನ ಬೆನ್ನು, ಸೊಂಟ ಅಳೆಯುವಷ್ಟು ಹೊತ್ತೂ ಪ್ರೀಮೊ ಎದುರಿಗೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ದಬ್ಬಳ ಹಿಡಿದು, ಕಣ್ಣು ಮಿಟುಕಿಸದೆ ಕೂತಿದ್ದ.

ಹೊಸ ಚರ್ಮದಂಗಿ ತೊಟ್ಟು ನೆವಿಯೊ ಎದ್ದು ನಿಂತಾಗ ಅದು ಅವನನ್ನು ಮುಂದಕ್ಕೆ ಜಗ್ಗಿತು. ಮೋಟಾರಿನ ಮೇಲೆ ಮಲಗಿದವನಿಗೆ ಹೊಲಿದದ್ದು ನಿಂತವನಿಗೆ ಸರಿಹೋಗುವುದು ಹೇಗೆ? ಗೂನುಬೆನ್ನು ಮಾಡಿಕೊಂಡು, ಕೈ ಮೊಣಕಾಲಿಗೆ ಇಳಿಬಿಟ್ಟುಕೊಂಡು ಅವನು ಚೌಕ ದಾಟಿದಾಗ ಬಾರಿನವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಬೇಕರಿಯ ತೆರ್ಸೊ, ಅವನೂ ಓಟಗಾರನೇ, ಎದ್ದು ಬಂದು, "ಏನೋ ನೆವಿಯೊ, ಏನಾದ್ರೂ ಕಳ್ಕೊಂಡ್ಯಾ? ಹುಡುಕಿ ಕೊಡ್ಲಾ?" ಎಂದು ಅವನ ಜೊತೆಗೇ ನೆಲ ನೋಡುತ್ತಾ ನಡೆದ. ಆ ಭಾನುವಾರ ನೆವಿಯೊ ಮೂರನೆಯವನಾಗಿ ಬಂದ, ತೆರ್ಸೊ ಒಂಬತ್ತನೆಯವನು. ಸೋಮವಾರ ಬೆಳಿಗ್ಗೆ ತೆರ್ಸೊ ಬಿಸಿ ಬ್ರೆಡ್ಡಿನೊಂದಿಗೆ ಎಡೇರಾಳ ಬಾಗಿಲಲ್ಲಿ ನಿಂತಿದ್ದ. ವರ್ಷ ತುಂಬುವುದರೊಳಗೆ ಓಟದ ಬೆಳಿಗ್ಗೆ ನಮ್ಮ ಚೌಕದಲ್ಲಿ ನೆಟ್ಟಗೆ ನಡೆಯುವ ಸವಾರನೇ ಇರಲಿಲ್ಲ. ಗೂನರ ದರ್ಜಿ ಎಂದು ಶುರುವಾದ ಹೆಸರು ಸವೆದು ಸವೆದು ಗೂನಿ ಎಂದಾಯಿತು.

ಅವಳ ಕುದುರೆಯ ಮೇಲೆ ಯಾರು ಯಾರು ಮಲಗಿದ್ದಾರೆ ಎಂದು ಕೇಳಿದರೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ. ವಿಶ್ವ ಚಾಂಪಿಯನ್ ಆಗಿದ್ದವರು, ಮುಂದೆ ಆದವರು, ಆಗಿಯೇ ತೀರುತ್ತಾರೆ ಎಂದುಕೊಂಡಿದ್ದು ಇಪ್ಪತ್ತಾರಕ್ಕೇ ಮಣ್ಣಾದವರು. ಒಬ್ಬನ ಬಲಹೆಗಲು ಎಡಕ್ಕಿಂತ ಎರಡು ಬೆರಳು ಎತ್ತರ. ಒಬ್ಬ ಇಂಗ್ಲಿಷಿನವನಿಗೆ ಕಂಕುಳ ಹತ್ತಿರ ಟೇಪು ತಾಗಿದರೆ ಸಾಕು, ಮಗುವಿನ ಹಾಗೆ ಕಿಲಕಿಲ ನಗು. ಹೆಸರುಗಳನ್ನು ಹೇಳುವುದಿಲ್ಲ. ಎಡೇರಾ ಯಾರ ಸೊಂಟದ ಅಳತೆಯನ್ನೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟವಳಲ್ಲ, ಇನ್ನು ನಾನು ಯಾರು? ಒಬ್ಬೊಬ್ಬರಿಗೂ ಖಾಕಿ ಕಾಗದ ಕತ್ತರಿಸಿ ನಮೂನೆ ಮಾಡಿ ಗೋಡೆಯ ಕೊಕ್ಕೆಗೆ ತೂಗುಹಾಕುತ್ತಿದ್ದಳು. ಸತ್ತವರ ನಮೂನೆಯನ್ನೂ ಅವಳು ತೆಗೆಯಲಿಲ್ಲ. ಗಾಳಿ ಬಂದರೆ ಆ ಕಾಗದಗಳು ಬದುಕಿದವರವು, ಸತ್ತವರವು ಎನ್ನದೆ ಒಟ್ಟಿಗೆ ಅಲ್ಲಾಡುತ್ತಿದ್ದವು.

ಐವತ್ತೊಂಬತ್ತರಲ್ಲಿ ಅವಳಿಗೆ ಮದುವೆಯಾಯಿತು. ವರ ಗೇರ್ರಿನೊ, ಉಪ್ಪಿನ ಗದ್ದೆಯವನು, ಮಾತು ಕಡಿಮೆ, ಮೋಟಾರಿನ ಗಂಧವೂ ಇಲ್ಲ. ಗಂಡನ ಮದುವೆಯ ಕೋಟನ್ನು ತಾನೇ ಹೊಲಿಯುತ್ತೇನೆ ಎಂದು ಎಡೇರಾ ಹಟ ಹಿಡಿದಳು. ಅಂಗಡಿಗೆ ಬಂದವನನ್ನು ಏಳು ವರ್ಷದ ಅಭ್ಯಾಸದಂತೆ ಕುದುರೆಯ ಮೇಲೆ ಮಲಗಿಸಿದಳು, ತಾರೀಖು ಓದಿಸಿದಳು, ಅಳತೆ ತೆಗೆದಳು. ಇದೇನು ಎಂದು ಗೇರ್ರಿನೊ ಕೇಳಲೂ ಇಲ್ಲ, ದರ್ಜಿಗಳ ಪದ್ಧತಿಯೇ ಹೀಗಿರಬೇಕು ಎಂದುಕೊಂಡ. ಮದುವೆಯ ದಿನ ಪಾದ್ರಿಯ ಮುಂದೆ ನಿಂತಾಗ ಕೋಟಿನ ಹಿಂಭಾಗ ಬೆನ್ನ ಮೇಲೆ ಚೀಲದ ಹಾಗೆ ಉಬ್ಬಿತು, ತೋಳು ಬೆರಳ ತುದಿ ದಾಟಿತು. ಹಿಂದಿನ ಬೆಂಚಿನಿಂದ ತೆರ್ಸೊ ಗಟ್ಟಿಯಾಗಿ, "ಗೇರ್ರಿನೊ, ಬಗ್ಗು! ಬಗ್ಗಿದ್ರೆ ಸರಿಹೋಗುತ್ತೆ!" ಎಂದು ಕೂಗಿದ. ಗೇರ್ರಿನೊ ಬಗ್ಗಿದ. ಕೋಟು ಎರಕ ಹೊಯ್ದ ಹಾಗೆ ಕೂತಿತು. ನಗುವಿನ ಮಧ್ಯೆ ಪಾದ್ರಿ ಯಾವ ಮಂತ್ರ ಹೇಳಿದನೋ, ಅವರ ಸಂಸಾರ ಮಾತ್ರ ನಲವತ್ತೇಳು ವರ್ಷ ಚೆನ್ನಾಗಿ ನಡೆಯಿತು.

ಎಪ್ಪತ್ತೊಂದರ ವಸಂತದಲ್ಲಿ ಪಕ್ಕದ ಊರಿನ ಬೀದಿ ಓಟದಲ್ಲಿ ಒಳ್ಳೆಯ ಸವಾರನೊಬ್ಬ ಸತ್ತ. ಬೀದಿ ಓಟಗಳಿಗೆ ಅಲ್ಲಿಗೆ ಬೀಗ ಬಿತ್ತು. ನಿಲ್ಲಿಸಿದ್ದು ಸರಿಯೇ, ಮರಕ್ಕೆ ಕಟ್ಟಿದ ಹುಲ್ಲು ಎಷ್ಟು ಜನರನ್ನು ಉಳಿಸೀತು? ಸರಿಯಾದದ್ದೆಲ್ಲ ಮನಸ್ಸಿಗೆ ಹಿತವಾಗಿರಬೇಕೆಂದೇನಿಲ್ಲವಲ್ಲ. ಓಟ ಬೇಲಿ ಹಾಕಿದ ಕಣಗಳಿಗೆ ಹೋಯಿತು, ಚರ್ಮದಂಗಿ ದೊಡ್ಡ ಕಾರ್ಖಾನೆಗಳಿಗೆ ಹೋಯಿತು. ಈಗ ಬಿದ್ದ ತಕ್ಷಣ ಗಾಳಿ ತುಂಬಿ ಉಬ್ಬುವಂಥ ಉಡುಪುಗಳೇ ಇವೆ. ಎಡೇರಾ ಕಡಲದಂಡೆಯ ಕೊಡೆಗಳಿಗೆ ಬಟ್ಟೆ, ಹೋಟೆಲು ಕುರ್ಚಿಗಳಿಗೆ ಮೆತ್ತೆ ಹೊಲಿದುಕೊಂಡು ಬದುಕಿದಳು. ಕುದುರೆ ಮಾತ್ರ ಮೂಲೆಯಲ್ಲಿ ಹಾಗೇ ನಿಂತಿತ್ತು, ಅವಳು ಅದರ ಮೇಲೆ ಬಟ್ಟೆ ಒಣಗಲು ಕೂಡ ಹಾಕಲಿಲ್ಲ.

ಮೂವತ್ತೇಳು ವರ್ಷದ ಮೇಲೆ ಊರಿನವರು ಹಳೆಯ ಓಟದ ನೆನಪಿಗೆ ಒಂದು ಮೆರವಣಿಗೆ ಇಟ್ಟುಕೊಂಡರು. ಹಳೆಯ ಸವಾರರು, ಹಳೆಯ ಮೋಟಾರು, ಹಳೆಯ ಚರ್ಮದಂಗಿ, ಅದೇ ಬೀದಿ. ನಿಧಾನವಾಗಿ ಐದು ಸುತ್ತು. ಊರಿಗೆಲ್ಲ ಹಂಚಿದ ಚೀಟಿಯಲ್ಲಿ 'ಇದು ಸ್ಪರ್ಧೆಯಲ್ಲ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಹಾಗೆ ಅಚ್ಚು ಹಾಕಿಸಿದವರು ನಮ್ಮ ಮುದುಕರನ್ನು ಬಲ್ಲವರೇ.

ಏಪ್ರಿಲಿನ ಒಂದು ಬೆಳಿಗ್ಗೆ ನೆವಿಯೊ ಅಂಗಡಿಗೆ ಬಂದ. ಅವನಿಗೀಗ ಎಪ್ಪತ್ನಾಲ್ಕು. ಕಂಕುಳಲ್ಲಿ ಅರವತ್ತೆರಡರ ಚರ್ಮದಂಗಿ, ಅವನು ನೂರಿಪ್ಪತ್ತೈದು ಸಿಸಿ ಎರಡನೇ ದರ್ಜೆಯ ವಿಭಾಗದಲ್ಲಿ ಇಟಲಿಯ ಚಾಂಪಿಯನ್ ಆದಾಗ ತೊಟ್ಟದ್ದು.

"ಗೂನಿ, ಇದನ್ನ ಸ್ವಲ್ಪ ಬಿಡಿಸ್ಬೇಕು."

"ಎಲ್ಲಿ?"

"ಇಲ್ಲಿ ಸ್ವಲ್ಪ" ಎಂದು ಹೊಟ್ಟೆ ಮುಟ್ಟಿ ತೋರಿಸಿದ.

"ಅದು ಸ್ವಲ್ಪ ಅಲ್ಲ ಕಣೋ. ಅಲ್ಲಿಗೆ ಇಡೀ ಒಂದು ಕರುವಿನ ಚರ್ಮ ಬೇಕು."

"ತೆರ್ಸೊನ ಹೊಟ್ಟೆ ನೋಡಿದೀಯಾ? ಉಬ್ಬಕ್ಕೆ ಇಟ್ಟ ಹಿಟ್ಟಿನ ಥರ ಇದಾನೆ. ಅವನು ಓಡಿಸ್ತಾನಂತೆ! ನಾನು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಬೇಕಾ?"

"ಇದು ಮೆರವಣಿಗೆ, ಓಟ ಅಲ್ಲ. ಓದೋಕೆ ಬರಲ್ವಾ?"

"ಮೆರವಣಿಗೇನೇ. ನಾನು ಅದರ ಮುಂದಿರ್ತೀನಿ ಅಷ್ಟೇ."

"ಪತಾಕಾ!" ಎಂದು ಬೈದಳು ಎಡೇರಾ. ಜಂಬ ಹೊಡೆಯುವ ಪೆದ್ದನಿಗೆ ನಮ್ಮ ಕಡೆ ಪ್ರೀತಿ ಸೇರಿಸಿ ಬೈಯುವುದು ಹೀಗೆ. ಗುರುವಾರ ಅಳತೆಗೆ ಬಾ ಎಂದಳು. ಅವನು ಸಿಳ್ಳೆ ಹಾಕಿಕೊಂಡು ಹೋದ. ಅವಳಿಗೂ ಒಳಗೊಳಗೇ ಖುಷಿಯಾಗಿತ್ತು, ಕುದುರೆಯ ಮೇಲಿನ ಧೂಳು ಒರೆಸಿದಳು.

ಬುಧವಾರ ನೆವಿಯೊನ ಮಗಳು ಲೊರೆತ್ತಾ ಬಂದಳು. ದಂಡೆಯ ಮೇಲೆ ಪಿಯಾದೀನ ರೊಟ್ಟಿ ಸುಡುವ ಗೂಡಂಗಡಿ ಅವಳದು, ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ಕೂತವಳೇ ಅಳಲು ಶುರುಮಾಡಿದಳು.

"ಚಿಕ್ಕಮ್ಮ, ಅಪ್ಪಂಗೆ ಆ ಚರ್ಮದಂಗಿ ಆಗಲ್ಲ ಅಂತ ಹೇಳ್ಬಿಡಿ. ಚರ್ಮ ಒಣಗಿದೆ, ಸೂಜಿ ಇಳಿಯಲ್ಲ, ಏನೋ ಒಂದು."

"ಚರ್ಮ ಚೆನ್ನಾಗೇ ಇದೆಯಲ್ಲಮ್ಮ."

"ಚೆನ್ನಾಗಿದೆ ಅಂತ್ಲೇ ಸುಳ್ಳು ಹೇಳಿ ಅಂತಿರೋದು. ಅವರ ಕತ್ತಿನ ಮೂಳೆ ಸವೆದುಹೋಗಿದೆ. ಹೋದ ಬೇಸಿಗೇಲಿ ನನ್ನ ಅಂಗಡಿ ಮುಂದೇನೇ ತಲೆ ಸುತ್ತಿ ಬಿದ್ರು. ಡಾಕ್ಟ್ರು ಬೇಡ ಅಂದ್ರೆ ಅವನು ಯಾವ ಓಟದಲ್ಲಿ ಓಡಿಸಿದಾನೆ ಅಂತ ಕೇಳ್ತಾರೆ. ನಾನು ಬೇಡ ಅಂದ್ರೆ ಹೋಗಿ ರೊಟ್ಟಿ ತಿರುವಿಹಾಕು ಅಂತಾರೆ. ಅವರು ನಂಬೋದು ನಿಮ್ಮ ಟೇಪನ್ನ ಒಂದನ್ನೇ. ಅಮ್ಮ ಹೋಗಾಯ್ತು ಚಿಕ್ಕಮ್ಮ, ನನಗೆ ಅವರೊಬ್ರೇ."

ಎಡೇರಾ ಅವಳಿಗೆ ಕಾಫಿ ಕೊಟ್ಟಳು, ಮಾತು ಕೊಡಲಿಲ್ಲ. ಲೊರೆತ್ತಾ ಹೋದ ಮೇಲೆ ಗೋಡೆಯಿಂದ ನೆವಿಯೊನ ಖಾಕಿ ನಮೂನೆಯನ್ನು ಇಳಿಸಿ ಮೇಜಿನ ಮೇಲೆ ಹರಡಿದಳು. ಟೇಪು ಹಿಡಿದು ಅವಳು ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದಳು, ಅದು ಇದೇ ನಮೂನೆಯ ವಿಷಯದಲ್ಲಿ.

ಅರವತ್ತೆರಡರಲ್ಲಿ ಚಾಂಪಿಯನ್ ಪಟ್ಟದ ಕೊನೆಯ ಓಟ ಮೊದೇನಾದಲ್ಲಿತ್ತು. ಹನ್ನೆರಡು ದಿನ ಮುಂಚೆ ನೆವಿಯೊ ಅಭ್ಯಾಸದಲ್ಲಿ ಬಿದ್ದು ಎಡಗಡೆಯ ಕೊರಳೆಲುಬು ಮುರಿದುಕೊಂಡ. ಯಾರಿಗೂ ಹೇಳದೆ ಇವಳ ಬಳಿ ಬಂದ. ಕುದುರೆಯ ಮೇಲೆ ಮಲಗಿದರೆ ಎಡಗೈ ಹ್ಯಾಂಡಲ್ ಮುಟ್ಟಲೊಲ್ಲದು. "ಎಡೇರಾ, ಹತ್ತು ವರ್ಷದಿಂದ ಈ ಒಂದು ದಿನಕ್ಕೆ ಕಾದಿದೀನಿ ಕಣೇ" ಎಂದು ಅತ್ತ. ಅವಳಿಗೆ ಇಪ್ಪತ್ತಾರು ವರ್ಷ, ಅವನ ಅಳು ನೋಡಲಾಗಲಿಲ್ಲ. ಅಪ್ಪನ ಹಳೆಯ ಕುದುರೆ ಕೊರಳಪಟ್ಟಿಯಿಂದ ಒಂದು ಪಟ್ಟೆ ಕತ್ತರಿಸಿ, ಚರ್ಮದಂಗಿಯ ಒಳಗೆ ಹೆಗಲನ್ನು ಬಿಗಿದು ಹಿಡಿಯುವಂತೆ ಹೊಲಿದಳು. ತಂಡದ ಯಜಮಾನ ಬಂದು, "ಹುಡುಗ ಹೇಗಿದಾನೆ? ಯಾಕೋ ಸೊಟ್ಟಗೆ ನಡೀತಾನೆ" ಎಂದು ಕೇಳಿದಾಗ, "ನನ್ನ ಚರ್ಮದಂಗಿ ಹಾಕ್ಕೊಂಡೋರೆಲ್ಲ ಸೊಟ್ಟಗೇ ನಡೆಯೋದು. ಅಳತೆ ಸರಿಯಾಗಿದೆ" ಎಂದುಬಿಟ್ಟಳು. ನೆವಿಯೊ ಎರಡನೆಯವನಾಗಿ ಬಂದು ಒಂದೇ ಅಂಕದಿಂದ ಚಾಂಪಿಯನ್ ಆದ. ಚರ್ಮದಂಗಿ ಬಿಚ್ಚಿದಾಗ ಹೆಗಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತಂತೆ. ಎಲುಬು ಸೊಟ್ಟಗೆ ಕೂಡಿಕೊಂಡಿತು. ಅವತ್ತಿನಿಂದ ಅವನ ಎಡಗೈ ಕಿವಿಯಿಂದ ಮೇಲೆ ಹೋಗುವುದಿಲ್ಲ. ಅವನು ಅದನ್ನು ಪದಕದ ಹಾಗೆ ತೋರಿಸಿಕೊಂಡು ಓಡಾಡುತ್ತಿದ್ದ. ಅವಳು ಮಾತ್ರ ಆ ಕೈಯನ್ನು ನೋಡಿದಾಗಲೆಲ್ಲ ಬೇರೆ ಕಡೆ ತಿರುಗುತ್ತಿದ್ದಳು.

ಗುರುವಾರ ನೆವಿಯೊ ಗಡ್ಡ ಹೆರೆದು, ತಲೆಗೆ ಎಣ್ಣೆ ಹಚ್ಚಿ ಬಂದ. ಕುದುರೆ ಹತ್ತಲು ಮೊದಲ ಸಲ ಆಗಲಿಲ್ಲ, ಎರಡನೆಯ ಸಲಕ್ಕೆ ಹತ್ತಿದ. ಅವಳು ಕೈ ಕೊಡಲಿಲ್ಲ, ಹಿಂದೆಯೂ ಯಾರಿಗೂ ಕೊಟ್ಟಿರಲಿಲ್ಲ. ಹಿಂದೆ ಹೇಳಿ ಹೇಳಿ ಬಗ್ಗಿಸಬೇಕಾಗಿದ್ದ ಬೆನ್ನು ಈಗ ವಯಸ್ಸಿಗೆ ತಾನಾಗಿಯೇ ಬಗ್ಗಿತ್ತು. ಬೆನ್ನು ಅಳೆದಳು, ತೋಳು ಅಳೆದಳು. ಸೊಂಟಕ್ಕೆ ಟೇಪು ಸುತ್ತಿದಾಗ, "ಸಾಲುತ್ತಾ, ಇಲ್ಲಾ ತೆರ್ಸೊನ ಮನೆಯಿಂದ ಹಗ್ಗ ತರಿಸ್ಲಾ?" ಎಂದು ಅವನೇ ನಗಿಸಿದ. ಎಲ್ಲ ಮುಗಿದು ಕತ್ತಿನ ಅಳತೆ ಉಳಿಯಿತು.

"ಎದುರಿಗೆ ನೋಡು. ತಾರೀಖು ಓದು."

ನೆವಿಯೊ ಗಟ್ಟಿಯಾಗಿ, "ಏಪ್ರಿಲ್ ಹದಿನೇಳು, ಗುರುವಾರ" ಎಂದ.

ಎಡೇರಾ ಗೋಡೆಯತ್ತ ತಿರುಗಿದಳು. ಗೇರ್ರಿನೊ ಎರಡು ವರ್ಷದ ಹಿಂದೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ತಿಂಗಳು ತಿಂಗಳು ನೆನಪಿಟ್ಟು ಹಾಳೆ ತಿರುಗಿಸುವವರಿರಲಿಲ್ಲ. ಗೋಡೆಯ ಮೇಲೆ ಇನ್ನೂ ಫೆಬ್ರವರಿ ನೇತಾಡುತ್ತಿತ್ತು.

ಅವಳು ಸುಮ್ಮನಿದ್ದುಬಿಡಬಹುದಿತ್ತು. ಚರ್ಮ ಒಣಗಿದೆ ಎಂದೂ ಹೇಳಬಹುದಿತ್ತು, ಲೊರೆತ್ತಾ ಅದನ್ನೇ ತಾನೇ ಬೇಡಿದ್ದು? ಹಾಗೆ ಹೇಳಿದ್ದರೆ ಅವನು ಚರ್ಮವನ್ನು ಬೈದುಕೊಂಡು ಮನೆಗೆ ಹೋಗುತ್ತಿದ್ದ, ಮಾನವೂ ಉಳಿಯುತ್ತಿತ್ತು, ಸ್ನೇಹವೂ ಉಳಿಯುತ್ತಿತ್ತು. ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ಫೆಬ್ರವರಿ, ನೆವಿಯೊ" ಎಂದಳು.

ಅವನ ಬೆನ್ನ ಮೇಲಿನ ಟೇಪನ್ನು ತೆಗೆದು ಸುತ್ತಿದಳು.

"ನಿಜವಾಗ್ಲೂ ಏನು ಕಾಣ್ತಿದೆ ಹೇಳು."

"ನಿನ್ನ ಚಪ್ಪಲಿ" ಎಂದ ಸಣ್ಣ ದನಿಯಲ್ಲಿ. "ಅಷ್ಟೇ."

"ಚರ್ಮ ಗಟ್ಟಿ ಇದೆ. ನನ್ನ ಕೈಯೂ ಇನ್ನೂ ಗಟ್ಟಿ ಇದೆ, ಭಾನುವಾರದೊಳಗೆ ಹೊಲಿದು ಕೊಡ್ತೀನಿ. ನಿನ್ನ ಕತ್ತು ಆಗಲ್ಲ ಕಣೋ. ರಸ್ತೆ ಕಾಣದೋನನ್ನ ನಾನು ಮೋಟಾರು ಹತ್ತಿಸಲ್ಲ."

ಅವನು ಇಳಿದ. ಮುಖ ಕೆಂಪಾಗಿತ್ತು.

"ಅರವತ್ತೆರಡ್ರಲ್ಲಿ ಸುಳ್ಳು ಹೇಳಿದ್ಯಲ್ಲ. ಇನ್ನೊಂದು ಹೇಳಕ್ಕೆ ಏನು ರೋಗ?"

"ಅದು ಹೇಳಿದ್ದೇ ಸಾಕಾಗಿದೆ."

"ಹೇಳದೇ ಇದ್ದಿದ್ರೆ ನಾನು ಚಾಂಪಿಯನ್ ಆಗ್ತಿರ್ಲಿಲ್ಲ!"

"ನಿನ್ನ ಕೈ ಕಿವಿ ದಾಟಿ ಮೇಲೆ ಹೋಗ್ತಿತ್ತು."

"ಅದು ನನ್ನ ಕೈ! ನಿನಗೇನು ಕಷ್ಟ? ಕುರ್ಚಿ ಮೇಲೆ ಕೂತು ಸೂಜಿ ಚುಚ್ಚೋಳಿಗೆ ಏನು ಗೊತ್ತು ಓಟ ಅಂದ್ರೆ?" ಎಂದವನೇ ಚರ್ಮದಂಗಿಯನ್ನು ನೆಲದ ಮೇಲೆ ಬಿಟ್ಟು, ಬಾಗಿಲು ದಡಾರನೆ ಹಾಕಿಕೊಂಡು ಹೋದ.

ಆಮೇಲೆ ಹತ್ತು ದಿನ ಮಾತಿಲ್ಲ. ಚೌಕದಲ್ಲಿ ಎದುರಾದರೆ ನೆವಿಯೊ ಮುಖ ತಿರುಗಿಸಿದ. ಗೂನಿಗೆ ಕಣ್ಣು ಮಂಜಾಗಿದೆ, ಟೇಪು ಓದಲೂ ಬರುವುದಿಲ್ಲ ಎಂದು ಬಾರಿನಲ್ಲಿ ಹೇಳಿದನಂತೆ. ಅದನ್ನು ತಂದು ಮುಟ್ಟಿಸಿದವರು ತೆರ್ಸೊನ ಹೆಂಡತಿ, ಕೇಳಿ ಎಡೇರಾ ಹುಂ ಎಂದಳು. ಮನೆಗೆ ಹೋಗಿ ಅತ್ತಳು. ಗಂಡ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಲೊರೆತ್ತಾ ಮೆತ್ತನೆಯ ಗಿಣ್ಣು ತುಂಬಿದ ಬಿಸಿ ಪಿಯಾದೀನ ತಂದುಕೊಟ್ಟು ಕೈ ಹಿಡಿದುಕೊಂಡಾಗ, "ನಿನಗೋಸ್ಕರ ಹೇಳಿದ್ದಲ್ಲಮ್ಮ ಇದು, ತಗೊಂಡ್ಹೋಗು" ಎಂದು ಹಿಂದಕ್ಕೆ ಕಳಿಸಿದಳು. ಅಷ್ಟು ಒರಟಾಗಿ ಹೇಳಬಾರದಿತ್ತು.

ಮೆರವಣಿಗೆಯ ಭಾನುವಾರ ಬಿಸಿಲು ಚೆನ್ನಾಗಿತ್ತು. ಊರಿಗೆ ಊರೇ ಕಡಲ ಬೀದಿಗೆ ಹೋಗಿತ್ತು, ಅದರ ಹಿಂದಿನ ಓಣಿಯಲ್ಲಿ ಎಡೇರಾಳ ಅಂಗಡಿಯ ಬಾಗಿಲೊಂದೇ ತೆರೆದಿತ್ತು. ಮಧ್ಯಾಹ್ನ ಎರಡೂವರೆಗೆ ನೆವಿಯೊ ಬಂದು ಹೊಸ್ತಿಲಲ್ಲಿ ನಿಂತ. ಕೋಟು ಹಾಕಿದ್ದ, ಟೋಪಿ ಕೈಯಲ್ಲಿತ್ತು.

"ನೋಡೋಕೆ ಹೋಗ್ಲಿಲ್ವಾ?" ಎಂದಳು.

"ನಾನಿಲ್ಲದ ಓಟ ನಾನು ನೋಡಲ್ಲ. ಮನೇಲಿದ್ರೆ ಲೊರೆತ್ತಾ ಕನಿಕರ ಪಟ್ಟು ಪ್ರಾಣ ತಿಂತಾಳೆ." ಒಳಗೆ ಇಣುಕಿ, "ನೀನ್ಯಾಕೆ ಹೋಗಿಲ್ಲ?" ಎಂದ.

"ನಾನು ಯಾವತ್ತೂ ಹೋಗಿಲ್ಲ."

"ಯಾವತ್ತೂ ಅಂದ್ರೆ?"

"ಒಂದು ಓಟಾನೂ ನಾನು ನೋಡಿಲ್ಲ ನೆವಿಯೊ."

ಅವನು ಒಳಗೆ ಬಂದು, ಸಿಕ್ಕಿದ ಸ್ಟೂಲಿನ ಮೇಲೆ ಕೂತ.

"ನನ್ನದೂ?"

"ನಿನ್ನದೂ."

"ಹದಿನೇಳು ವರ್ಷ ಈ ಬೀದೀಲಿ ಓಡಿಸಿದೀನಿ. ಗುಂಪಲ್ಲಿ ಎಲ್ಲೋ ಇದೀಯ ಅಂತಾನೇ ಅಂದ್ಕೊಂಡಿದ್ದೆ. ಒಂದೆರಡು ಸಲ ಕೈ ಬೀಸಿದೀನಿ ಕೂಡ!"

"ಯಾರಿಗೆ ಬೀಸಿದ್ಯೋ ಪುಣ್ಯಾತ್ಮ. ನಾನು ಇಲ್ಲೇ ಇದ್ದೆ, ಈ ಕುರ್ಚೀಲಿ. ನನ್ನ ಹೊಲಿಗೆ ಹಾಕ್ಕೊಂಡೋರು ಬೀಳೋದನ್ನ ನೋಡೋ ಧೈರ್ಯ ನನಗಿರ್ಲಿಲ್ಲ. ಕೇಳಿಸ್ಕೊಳ್ತಿದ್ದೆ."

ಅಷ್ಟರಲ್ಲಿ ಕಡಲ ಬೀದಿಯಿಂದ ಸದ್ದು ಶುರುವಾಯಿತು. ಮೊದಲು ಒಂದು, ಆಮೇಲೆ ಹತ್ತಾರು. ಕಿಟಕಿಯ ಗಾಜು ಅದುರಿತು, ಕೊಕ್ಕೆಯ ಮೇಲಿನ ಖಾಕಿ ಕಾಗದಗಳು ಅಲ್ಲಾಡಿದವು. ನೆವಿಯೊ ಕಣ್ಣು ಮುಚ್ಚಿಕೊಂಡ. ಎಡೇರಾ ತಲೆ ಓರೆ ಮಾಡಿ, "ಈ ಗೊಗ್ಗರು ದನಿ ತೆರ್ಸೊನದು" ಎಂದಳು.

"ಅದು ಹೇಗೆ ಹೇಳ್ತೀಯಾ?"

"ಮೊದಲಿಂದಾನೂ ಹೆದರಿ ಹೆದರಿ ಗೇರು ಹಾಕ್ತಾನೆ. ನೀನು ತಂಬಾಕಿನ ಅಂಗಡಿ ತಿರುವಲ್ಲಿ ಎಲ್ಲರಿಗಿಂತ ತಡವಾಗಿ ವೇಗ ಇಳಿಸ್ತಿದ್ದೆ. ಎಲ್ಲರ ಸದ್ದು ಇಳಿದ ಮೇಲೂ ನಿಂದೊಂದು ಇಳಿದೇ ಹಾಗೇ ಹೋಗ್ತಿತ್ತು."

ನೆವಿಯೊನ ಮುಖ ಅರಳಿತು. ಒಂದು ಸುತ್ತು ಆಯಿತು, ಎರಡಾಯಿತು. ಕಡಲ ಬೀದಿಯಲ್ಲಿ ಹೋಗಿ, ಪೈನ್ ತೋಪು ಸುತ್ತಿ, ಕಾಲುವೆಯ ಪಕ್ಕದಿಂದ ವಾಪಸು ಬರಲು ಎರಡೂವರೆ ನಿಮಿಷ. ಮೆರವಣಿಗೆ ಎಂದರೂ ಸದ್ದು ಸುತ್ತಿನಿಂದ ಸುತ್ತಿಗೆ ಏರುತ್ತಿತ್ತು. ಮೂರನೆಯ ಸುತ್ತಿನಲ್ಲಿ ಮೋಟಾರುಗಳು ಹಾದುಹೋದವು, ಗೊಗ್ಗರು ದನಿ ಬರಲಿಲ್ಲ.

"ತೆರ್ಸೊ ಎಲ್ಲಿ?" ಎಂದ ನೆವಿಯೊ.

ಎಡೇರಾಳ ಕೈಯಲ್ಲಿ ಸೂಜಿಯಿತ್ತು, ದಾರವಿರಲಿಲ್ಲ.

ಅವನು ಎದ್ದು ಕಿಟಕಿಗೆ ಹೋದ. ಅಲ್ಲಿಂದ ಕಾಣುವುದು ಅಂಗಳದ ಗೋಡೆ, ಒಣಹಾಕಿದ ಎರಡು ದುಪ್ಪಟಿ, ಅಷ್ಟೇ. "ಹಿಂದೆ ಉಳಿದಿರ್ಬೇಕು, ಮುದಿ ಎತ್ತು" ಎಂದ. ಸ್ವಲ್ಪ ಹೊತ್ತಾದ ಮೇಲೆ, "ತೋಪಿನ ತಿರುವಲ್ಲಿ ಮರಳು ಇರುತ್ತೆ, ಯಾರಾದ್ರೂ ಗುಡಿಸಿದಾರೋ ಇಲ್ವೋ" ಎಂದ. ಮಿಕ್ಕವರು ಮತ್ತೊಮ್ಮೆ ಹಾದುಹೋದರು. ಆಗಲೂ ಆ ದನಿಯಿಲ್ಲ. ನೆವಿಯೊ ಕಿಟಕಿಯ ಸರಳು ಹಿಡಿದುಕೊಂಡ. ಐವತ್ತು ವರ್ಷದಿಂದ ದಿನ ಬೆಳಗಾದರೆ ಬೈದುಕೊಂಡು ಬಂದಿದ್ದ ಆ ಮನುಷ್ಯನಿಗಾಗಿ ಅವನ ತುಟಿ ಏನೋ ಪಿಟಿಪಿಟಿ ಅನ್ನುತ್ತಿತ್ತು. ಎಡೇರಾ ಅವನ ಕಡೆ ನೋಡಲಿಲ್ಲ.

ಕೊನೆಗೆ ಧ್ವನಿವರ್ಧಕ ಕಿರುಗುಟ್ಟಿತು. "ಹದಿನಾಲ್ಕನೇ ನಂಬರು, ನಮ್ಮ ಬೇಕರಿಯ ತೆರ್ಸೊ, ಚೈನು ಕಳಚಿ ಕಾಲುವೆ ಹತ್ರ ನಿಂತಿದಾರೆ. ಯಾರೂ ಗಾಬರಿ ಆಗ್ಬೇಡಿ, ಐಸ್‌ಕ್ರೀಮ್ ತಿಂತಿದಾರೆ." ಬೀದಿಯ ತುಂಬ ನಗು ಎದ್ದಿತು.

"ಪತಾಕಾ!" ಎಂದು ನೆವಿಯೊ ಗೋಡೆಯತ್ತ ಕೂಗಿದ. ಬಂದು ಕೂತ. ಕೈಗಳನ್ನು ತೊಡೆಯ ನಡುವೆ ಒತ್ತಿ ಹಿಡಿದುಕೊಂಡ.

"ಪ್ರತಿ ಸುತ್ತಿಗೂ ಹೀಗೇನಾ?" ಎಂದು ಕೇಳಿದ.

"ಪ್ರತಿ ಸುತ್ತಿಗೂ."

"ಹದಿನೇಳು ವರ್ಷ?"

"ನಿನ್ನೊಬ್ಬನದೇ ಹದಿನೇಳು. ಬೇರೆಯವರದ್ದು ಬೇರೆ."

ಹೊರಗೆ ಕೊನೆಯ ಸುತ್ತಿನ ಮೋಟಾರುಗಳು ಬಂದವು. ತಂಬಾಕಿನ ಅಂಗಡಿಯ ತಿರುವಿನಲ್ಲಿ ಒಂದೊಂದಾಗಿ ಸದ್ದು ಇಳಿಸಿದವು. ಇಬ್ಬರೂ ಕೇಳಿದರು.

"ಗೊತ್ತಿದ್ದಿದ್ರೆ ಅಲ್ಲಿ ನಾನೂ ಬೇಗ ವೇಗ ಇಳಿಸ್ತಿದ್ದೆ ಎಡೇರಾ" ಎಂದ ನೆವಿಯೊ.

"ಸುಳ್ಳು" ಎಂದಳು ಎಡೇರಾ.